ಮೂರನೇ ಮೀಟರಿನ ಗೆರೆ

"ಈಗ ಬರುತ್ತೆ ನೋಡಿ," ಎಂದಳು ಮಧುಮತಿ.

ಯಂತ್ರದ ಇಂಕು ಚಿಮ್ಮುವ ಹೆಡ್ಡು ಹತ್ತಡಿ ಅಗಲದ ಬಿಳಿ ಫ್ಲೆಕ್ಸಿನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿತ್ತು. ಒಂದೊಂದು ಓಟಕ್ಕೂ ಮದುವಣಗಿತ್ತಿಯ ಕೆಂಪು ರೇಷ್ಮೆ ಸೀರೆ ಒಂದಿಷ್ಟು ಕೆಳಗಿಳಿಯುತ್ತಿತ್ತು. ಸೆರಗು ಮುಗಿದು ನೆರಿಗೆ ಶುರುವಾಗುವ ಹೊತ್ತಿಗೆ, ಸರಿಯಾಗಿ ಮೂರನೇ ಮೀಟರಿನಲ್ಲಿ, ಕೆಂಪಿನ ನಡುವೆ ಕೂದಲೆಳೆಯಂಥ ಹಳದಿ ಅಡ್ಡಗೆರೆಯೊಂದು ಮೂಡಿತು. ಮುಂದಿನ ಓಟಕ್ಕೆ ಅದು ಎರಡಾಯಿತು. ಹತ್ತು ಓಟ ಕಳೆಯುವಷ್ಟರಲ್ಲಿ ಸೀರೆಯ ತುಂಬ ಹುಲಿಪಟ್ಟೆ.

ಪ್ರೆಸ್ಸಿನ ಒಡತಿ ವಾರಿಜಾ ಕಣ್ಣು ಮುಚ್ಚಿಕೊಂಡರು. "ನಿಲ್ಲಿಸಿಬಿಡಿ. ನೋಡೋಕಾಗಲ್ಲ."

ರಿಪೇರಿಗೆ ಬಂದಿದ್ದ ಮಧುಮತಿ ಯಂತ್ರ ನಿಲ್ಲಿಸಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ನಿನ್ನೆ ಆಪರೇಟರ್ ಭೀಮರಾಯನ ಚೀಲದಲ್ಲಿ ಇಂಕು ತುಂಬಿದ ಪುಟ್ಟ ಬಾಟಲಿ ಸಿಕ್ಕಾಗಿನಿಂದ, ಯಂತ್ರವನ್ನು ಬೇಕೆಂದೇ ಕೆಡಿಸುತ್ತಿರುವವನು ಅವನೇ ಎಂದು ವಾರಿಜಾ ತೀರ್ಮಾನಿಸಿಬಿಟ್ಟಿದ್ದರು. ಸಂಜೆ ನಾಲ್ಕಕ್ಕೆ ದೂರು ಪೊಲೀಸ್ ಸ್ಟೇಷನ್ನಿಗೆ ಹೋಗುವುದಿತ್ತು.

ತಿಲಕ್ ನಗರದ ಈ ಫ್ಲೆಕ್ಸ್ ಪ್ರೆಸ್ಸನ್ನು ವಾರಿಜಾ ಬ್ಯಾಂಕಿನ ಕೆಲಸಕ್ಕೆ ಸ್ವಯಂ ನಿವೃತ್ತಿ ಕೊಟ್ಟು ಕಟ್ಟಿದ್ದರು. ಇದು ಇಸವಿ ಎರಡು ಸಾವಿರದ ಆರು. ದಕ್ಷಿಣ ಬೆಂಗಳೂರಿನ ಪ್ರತಿ ವೃತ್ತದಲ್ಲೂ ಹೊಸ ಹೋರ್ಡಿಂಗ್ ಏಳುತ್ತಿದ್ದ ಕಾಲ. ಜಯನಗರದಲ್ಲಿ ಶುಕ್ರವಾರ ಬಾಗಿಲು ತೆರೆಯಲಿದ್ದ ಸೀರೆ ಅಂಗಡಿಯೊಂದು ನಲವತ್ತಡಿಯ ಹೋರ್ಡಿಂಗನ್ನು ಇವರನ್ನೇ ನಂಬಿ ಕೊಟ್ಟಿತ್ತು. ಇವತ್ತು ಬುಧವಾರ.

"ಹೋದ ವಾರ ಬಂದಿದ್ದ ಎಂಜಿನಿಯರ್ ಹೆಡ್ಡೇ ಸತ್ತಿದೆ ಅಂದ್ರು," ಎಂದರು ವಾರಿಜಾ. "ಒಳಗೆ ಯಾರೋ ಏನೋ ಹಾಕಿದಾರೆ ಅಂತಲೂ ಅಂದ್ರು. ಆಮೇಲೆ ಈ ಬಾಟಲಿ ಸಿಕ್ತು. ಇನ್ನೇನು ಯೋಚನೆ ಮಾಡ್ಲಿ ಹೇಳಿ?"

ಗದಗಿನಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಮನೆ ಮಾಡಿ, ಒಂಬತ್ತು ವರ್ಷದಿಂದ ಇಂಥ ಯಂತ್ರಗಳ ಹೊಟ್ಟೆಯೊಳಗೆ ಕೈಯಾಡಿಸುತ್ತಿದ್ದವಳು ಮಧುಮತಿ. ಮೂರು ವರ್ಷದ ಹಿಂದೆ ಒಂದು ಪ್ರೆಸ್ಸಿನ ವರದಿಯಲ್ಲಿ 'ಆಪರೇಟರ್ ತಪ್ಪು' ಎಂದು ಎರಡೇ ಪದ ಬರೆದಿದ್ದಳು. ಆ ಮನುಷ್ಯನ ಕೆಲಸ ಹೋಯಿತು. ತಿಂಗಳ ಮೇಲೆ, ತಪ್ಪು ಅವನದಲ್ಲ, ಕರೆಂಟಿನ ಏರಿಳಿತದ್ದು ಎಂದು ಗೊತ್ತಾಯಿತು. ಅಷ್ಟರಲ್ಲಿ ಅವನು ಮನೆ ಖಾಲಿ ಮಾಡಿ ಹೋಗಿದ್ದ. ಅಂದಿನಿಂದ ಆ ಎರಡು ಪದ ಬರೆಯುವ ಮುಂಚೆ ಅವಳ ಕೈ ನಿಲ್ಲುತ್ತಿತ್ತು.

"ಸತ್ತಿರೋ ಹೆಡ್ಡು ಮೊದಲನೇ ಮೀಟರಲ್ಲೂ ಸತ್ತಿರಬೇಕಲ್ವಾ ಮೇಡಂ?" ಎಂದಳು. "ಹತ್ತು ನಿಮಿಷ ಬಿಟ್ಟು ಟೆಸ್ಟ್ ತೆಗೀತೀನಿ. ನೀವೇ ನೋಡಿ."

ಹತ್ತು ನಿಮಿಷದ ಮೇಲೆ ತೆಗೆದ ಟೆಸ್ಟ್ ಪ್ರಿಂಟಿನಲ್ಲಿ ನಾಲ್ಕೂ ಬಣ್ಣದ ಪುಟ್ಟ ಪುಟ್ಟ ಗೀಟುಗಳು ಬಾಚಣಿಗೆಯ ಹಲ್ಲಿನಂತೆ ಒಂದೂ ತಪ್ಪದೆ ಬಂದಿದ್ದವು. ಇಂಕು ಚಿಮ್ಮುವ ಒಂದು ತೂತೂ ಕಟ್ಟಿರಲಿಲ್ಲ.

"ಕೆಂಪು ಅಂದ್ರೆ ಈ ಮಷೀನಿಗೆ ಎರಡು ಬಣ್ಣ. ಮೆಜೆಂಟಾ, ಅಂದ್ರೆ ಗಾಢ ಗುಲಾಬಿ, ಅದರ ಮೇಲೆ ಹಳದಿ. ಗೆರೆ ಹಳದಿ ಕಾಣ್ತಿದೆ ಅಂದ್ರೆ ಹಳದಿ ಸರಿಯಾಗಿ ಬೀಳ್ತಿದೆ, ಮೆಜೆಂಟಾ ಮಾತ್ರ ಕೈ ಕೊಡ್ತಿದೆ. ಸ್ವಲ್ಪ ಕೆಲಸಕ್ಕೆ ಸಾಲುತ್ತೆ, ಜಾಸ್ತಿ ಕೇಳಿದ್ರೆ ಸಾಲಲ್ಲ. ಹೆಡ್ಡು ಸತ್ತಿಲ್ಲ ಮೇಡಂ, ಹಸಿದಿದೆ. ಇಂಕು ಬರೋ ದಾರೀಲಿ ಏನೋ ಅಡ್ಡ ಕೂತಿದೆ."

ವಾರಿಜಾ ಟೆಸ್ಟ್ ಪ್ರಿಂಟನ್ನು ಕೈಯಲ್ಲಿ ಹಿಡಿದು ನಿಂತರು. "ಅಡ್ಡ ಕೂರಿಸಿದೋರು ಯಾರು ಅನ್ನೋದು ಹಾಗೇ ಉಳೀತಲ್ಲ."

"ಅದನ್ನೂ ನೋಡೋಣ."

ಭೀಮರಾಯ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಯಂತ್ರ ಮುಟ್ಟಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಆದರೆ ಒಂದೇ ರಾತ್ರಿಗೆ ಮುಖ ಇಳಿದುಹೋಗಿತ್ತು. ಮಧುಮತಿ ಅವನ ಪಕ್ಕ ಕೂತು ತನ್ನೂರಿನ ಮಾತಿಗೆ ಹೊರಳಿದಳು.

"ಭೀಮರಾಯಣ್ಣ, ಆ ಬಾಟಲಿ ಯಾಕ ಇಟ್ಕೊಂಡಿದ್ರಿ? ಇದ್ದದ್ದು ಇದ್ದಂಗ ಹೇಳ್ರಿ."

ಊರಿನ ಮಾತು ಕಿವಿಗೆ ಬಿದ್ದದ್ದೇ ಅವನು ತಲೆಯೆತ್ತಿದ. "ವಾಸನಿ ಬ್ಯಾರೆ ಬರಾಕ್ಹತ್ತಿತ್ರಿ ಅಕ್ಕಾರ. ಆರು ವರ್ಷ ಇದ ವಾಸನಿ ಕುಡದೀನಿ, ನನಗ ಗೊತ್ತಾಗೂದಿಲ್ಲೇನು? ಟ್ಯಾಂಕಿನ್ಯಾಗಿಂದ ಒಂಚೂರು ತಗದು, ನಿಮ್ಮಂಥಾರಿಗೆ ಯಾರಿಗರ ತೋರಸ್ಬೇಕಂತ ಇಟ್ಕೊಂಡಿದ್ದೆ. ಚೀಲ ಸುರುವಿದ ಮ್ಯಾಲ ಯಾರ ನಂಬ್ತಾರ್ರಿ?"

"ಫಿಲ್ಟರ್ ಯಾವಾಗ ಬದಲಿ ಮಾಡೀರಿ?"

"ಹದಿನೈದು ದಿನ ಆತ್ರಿ. ತಾರೀಖು ಅದರ ಮ್ಯಾಲ ಬರದೀನಿ. ಡಬ್ಬಿ ಒಡದ್ರೂ ಬರೀತೀನಿ, ಫಿಲ್ಟರ್ ಹಾಕಿದ್ರೂ ಬರೀತೀನಿ."

ವಾರಿಜಾರ ಮೇಜಿನ ಮೇಲಿದ್ದ ಆ ಬಾಟಲಿಯನ್ನು ಮಧುಮತಿ ಕಿಟಕಿಯ ಬೆಳಕಿಗೆ ಹಿಡಿದಳು. ನಿನ್ನೆಯಿಂದ ಅಲುಗಾಡದೆ ಕೂತಿದ್ದ ಇಂಕು ಮೇಲೆ ತಿಳಿಯಾಗಿತ್ತು. ತಳದಲ್ಲಿ ಒಡೆದ ಹಾಲಿನ ಗಷ್ಟದಂತೆ ಏನೋ ಕೂತಿತ್ತು.

ಅವಳು ಯಂತ್ರದ ಹಿಂಬದಿಗೆ ಹೋಗಿ ಮೆಜೆಂಟಾ ಕೊಳವೆಯ ಫಿಲ್ಟರ್ ಬಿಚ್ಚಿದಳು. ಮೇಲೆ ಭೀಮರಾಯನ ಅಕ್ಷರದಲ್ಲಿ ತಾರೀಖಿತ್ತು. ಹದಿನೈದು ದಿನದ ಹಿಂದಿನದೇ. ಬ್ಲೇಡಿನಿಂದ ಸೀಳಿದಳು. ಮೂರು ತಿಂಗಳು ಬಾಳಬೇಕಾದ ಫಿಲ್ಟರಿನ ಒಳಮೈಗೆ ಕೆಂಪು ಗಷ್ಟ ಲೋಳೆಯಾಗಿ ಅಂಟಿಕೊಂಡಿತ್ತು.

"ಎರಡು ಗಾಜಿನ ಲೋಟ ಬೇಕು ಮೇಡಂ. ಪ್ಲಾಸ್ಟಿಕ್ ಬೇಡ, ಕರಗಿಹೋಗುತ್ತೆ."

ವಾರಿಜಾ ತಮ್ಮ ಕಾಫಿಯ ಲೋಟಗಳನ್ನೇ ತಂದರು. ಮೊದಲನೆಯದಕ್ಕೆ ಮಧುಮತಿ ಸೀಲಿದ್ದ ಎರಡು ಹೊಸ ಮೆಜೆಂಟಾ ಡಬ್ಬಿಗಳನ್ನು ಒಡೆದು ಎರಡರಿಂದಲೂ ಇಂಕು ಸುರಿದು ಕಲಕಿದಳು. ಏನೂ ಆಗಲಿಲ್ಲ. ಎರಡನೆಯದಕ್ಕೆ ಹೊಸ ಇಂಕಿನ ಜೊತೆ, ಯಂತ್ರದ ಕೆಳಗಿದ್ದ ಅರ್ಧ ಖಾಲಿಯಾದ ಡಬ್ಬಿಯ ಇಂಕು ಬೆರೆಸಿದಳು. ಊಟದ ಹೊತ್ತಿಗೆ ಆ ಲೋಟದ ಗೋಡೆಯ ಮೇಲೆ ಸಣ್ಣ ಸಣ್ಣ ಚೂರುಗಳು ಜಾರತೊಡಗಿದವು.

"ಲೇಬಲ್ಲು ಒಂದೇ," ಎಂದರು ವಾರಿಜಾ ನಂಬಲಾರದೆ.

"ಲೇಬಲ್ಲು ಒಂದೇ. ಒಳಗಿರೋದು ಬೇರೆ." ಮಧುಮತಿ ಆ ಡಬ್ಬಿಯನ್ನು ಮಗ್ಗುಲಾಗಿ ತಿರುಗಿಸಿದಳು. ಹೆಗಲಿನ ಹತ್ತಿರ ಯಾರೋ ಬಟ್ಟೆಗೆ ಇಂಕು ಕರಗಿಸುವ ಸಾಲ್ವೆಂಟ್ ಹಚ್ಚಿ ಉಜ್ಜಿ ಅಳಿಸಿದ ಗುರುತು. ಉಜ್ಜಿದವರು ಪೂರ್ತಿ ಉಜ್ಜಿರಲಿಲ್ಲ. ಮಾರ್ಕರ್ ಪೆನ್ನಿನ ಬರಹ ಓರೆಯಾಗಿ ಹಿಡಿದರೆ ಕಾಣುತ್ತಿತ್ತು: ಜನವರಿ ಹನ್ನೆರಡು.

ಇದು ಮಾರ್ಚ್ ಕೊನೆ. ಜನವರಿಯಲ್ಲಿ ಒಡೆದ ಡಬ್ಬಿ ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೇ ಮುಗಿದಿರಬೇಕು. ಮುಗಿದ ಡಬ್ಬಿ ಮತ್ತೆ ತುಂಬಿಕೊಂಡು ಬಂದಿದೆ.

"ಖಾಲಿ ಡಬ್ಬಿ ಎಲ್ಲಿಡ್ತೀರಿ ಮೇಡಂ?"

"ಸ್ಟೋರಲ್ಲಿ. ಗುಜರಿಯವನು ಬರೋವರೆಗೂ ಬೀಗ ಹಾಕಿರುತ್ತೆ."

"ಬೀಗದ ಕೈ?"

ವಾರಿಜಾ ಸ್ಟೋರಿನ ಬಾಗಿಲತ್ತ ತಿರುಗಿದರು. ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮಣ್ಣನ ಹತ್ರ. ಅವನೊಬ್ಬನ ಹತ್ರಾನೇ."

ಸೇತುರಾಮ ಸ್ಟೋರಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅರವತ್ತಾರು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಇದ್ದು ನಿವೃತ್ತರಾದವರು. ಇಲ್ಲಿಯೂ ಪ್ರಿಂಟು ಹೊರಗೆ ಹೋಗುವ ಮುಂಚೆ ನೋಡಿ ಹಿಂಬದಿಗೆ ಸಹಿ ಹಾಕುವವರು ಅವರೇ.

ಮಧುಮತಿಯ ಒಂದು ಕೈಯಲ್ಲಿ ಕಾಗದ ಸುತ್ತಿದ ಡಬ್ಬಿ, ಇನ್ನೊಂದರಲ್ಲಿ ಫ್ಲೆಕ್ಸಿನ ಎರಡು ತುಂಡು. ಒಂದು ಬೆಳಗಿನ ಪ್ರಿಂಟಿನ ಮೊದಲನೇ ಮೀಟರಿನದು. ಕುಂಕುಮದಂಥ ಅಚ್ಚ ಕೆಂಪು. ಇನ್ನೊಂದು ಮೂರನೇ ಮೀಟರಿನದು.

"ಸಾರ್, ನಿಮ್ಮ ಒಂದು ಅಭಿಪ್ರಾಯ ಬೇಕಿತ್ತು. ಇವೆರಡರಲ್ಲಿ ಯಾವುದು ಪಾಸು?"

ಅವರು ತುಂಡುಗಳನ್ನು ಕಿಟಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು, ಹೆಬ್ಬೆರಳಿನಿಂದ ಸವರಿದರು. "ಎರಡೂ ಪರವಾಗಿಲ್ಲಮ್ಮ. ಎಡಗೈಯಲ್ಲಿರೋದು ಒಂದು ಕೈ ಮೇಲು ಅನ್ಸುತ್ತೆ."

ಎಡಗೈಯಲ್ಲಿದ್ದದ್ದು ಹುಲಿಪಟ್ಟೆಯದು. ಹಳದಿ ಗೆರೆಗಳು ಮಾರು ದೂರದಿಂದಲೂ ಕಾಣುತ್ತಿದ್ದವು.

ಮಧುಮತಿ ಹತ್ತಿರದ ಫ್ಲೆಕ್ಸ್ ರೋಲಿನ ಮೇಲೆ ಕೂತಳು. ಏನೇನೋ ಪ್ರಶ್ನೆ ಸಿದ್ಧ ಮಾಡಿಕೊಂಡು ಬಂದಿದ್ದಳು. ಅವು ಈಗ ಬೇಡವೆನಿಸಿದವು.

"ಎಷ್ಟು ದಿನ ಆಯ್ತು ಸಾರ್?"

"ಏನು ಎಷ್ಟು ದಿನ?"

"ಸರಿಯಾಗಿ ಕಾಣದೆ."

ಅವರ ಮುಖ ಗಟ್ಟಿಯಾಯಿತು. "ಏನ್ ಮಾತಾಡ್ತಿದೀಯಮ್ಮ? ಮೂವತ್ತೆರಡು ವರ್ಷ ಕೂದಲೆಳೆ ತಪ್ಪು ಹಿಡಿದಿದೀನಿ. ನಿನ್ನ ವಯಸ್ಸಿಗಿಂತ ಜಾಸ್ತಿ ನನ್ನ ಸರ್ವಿಸು. ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ಯಾ?"

"ಇಲ್ಲ ಸಾರ್. ಹೊರಗೆ ಮೆಟ್ಟಿಲ ಮೇಲೆ ಒಬ್ಬ ಕೂತಿದಾನೆ. ನಾಲ್ಕು ಗಂಟೆಗೆ ಅವನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರೆ. ಅದಕ್ಕೆ ಬಂದೆ."

ಅವಳು ಕಾಗದ ಬಿಚ್ಚಿ ಡಬ್ಬಿಯನ್ನು ಅವರ ಕಾಲ ಬಳಿ ಇಟ್ಟಳು. "ಇದರ ಮೇಲಿನ ತಾರೀಖು ಪೂರ್ತಿ ಅಳಿಸಿಲ್ಲ. ಕಣ್ಣು ಚೆನ್ನಾಗಿರೋರು ಉಜ್ಜಿದ್ರೆ ಪೂರ್ತಿ ಅಳಿಸಿರೋರು."

ಹೊರಗೆ ರಸ್ತೆಯಲ್ಲಿ ಆಟೋ ಹಾರ್ನು ಕೇಳಿತು, ನಿಂತಿತು. ಸೇತುರಾಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಎದ್ದು ಮೂಲೆಯಲ್ಲಿದ್ದ ಗೋಣಿಚೀಲವನ್ನು ಕಾಲಿನಿಂದ ಸರಿಸಿದರು. ಸಿಮೆಂಟಿನ ನೆಲದ ಮೇಲೆ ಚಾಪೆಯಗಲದ ಗುಲಾಬಿ ಕಲೆಯಿತ್ತು.

"ಹೋದ ತಿಂಗಳು ಇಪ್ಪತ್ತೊಂದು," ಎಂದರು. "ಹೊಸ ಡಬ್ಬಿ ಇಳಿಸ್ತಿದ್ದೆ. ಶೆಲ್ಫಿನ ಅಂಚು ಕಾಣಿಸ್ಲಿಲ್ಲ. ಬಿದ್ದು ಡಬ್ಬಿ ಒಡೀತು. ಐದು ಲೀಟರೂ ನೆಲದ ಪಾಲು. ಮಂಡಿಯೂರಿ ನಾನೇ ಒರೆಸಿದೆ."

"ಮೇಡಂಗೆ ಹೇಳ್ಬಹುದಿತ್ತಲ್ವಾ?"

"ಹೇಳಿದ್ರೆ? ಮೊದಲು ಡಾಕ್ಟ್ರ ಹತ್ರ, ಆಮೇಲೆ ಮನೇಲಿ. ನಮ್ಮ ತಂಗಿ ಗಟ್ಟಿಗಿತ್ತಿ, ಒಂದ್ಸಲ ಕೂತ್ಕೋ ಅಂದ್ರೆ ಮುಗೀತು. ಮನೇಲಿ ಕೂತು ನಾನು ಏನ್ ಮಾಡ್ಲಿ? ಗೋಡೆ ನೋಡ್ಲಾ? ಅದೂ ಸರಿಯಾಗಿ ಕಾಣಲ್ಲ."

ಸ್ಕೂಟರಿನ ಮೇಲೆ ಪ್ರೆಸ್ಸಿಂದ ಪ್ರೆಸ್ಸಿಗೆ ಅಲೆದು ಬಿಡಿ ಇಂಕು ಮಾರುವ ಒಬ್ಬನಿದ್ದ. ಹೆಸರು ಗೊತ್ತಿರಲಿಲ್ಲ. ಎಲ್ಲ ಯಂತ್ರಕ್ಕೂ ಆಗುತ್ತೆ ಸಾರ್ ಎಂದಿದ್ದ. ಅವನಿಂದ ಐದು ಲೀಟರ್ ತೆಗೆದುಕೊಂಡು, ಖಾಲಿ ಡಬ್ಬಿಗೆ ತುಂಬಿ, ಭೀಮರಾಯ ರಜೆಯಿದ್ದ ದಿನ ಸೇತುರಾಮ ತಾವೇ ಟ್ಯಾಂಕಿಗೆ ಸುರಿದು, ಉಳಿದದ್ದನ್ನು ಯಂತ್ರದ ಕೆಳಗೆ ಇಟ್ಟಿದ್ದರು.

"ಭೀಮರಾಯನ ಚೀಲದಲ್ಲಿ ಬಾಟಲಿ ಸಿಕ್ಕಾಗ ಸುಮ್ಮನಿದ್ರಲ್ಲ ಸಾರ್."

ಅವರು ಗೋಣಿಚೀಲವನ್ನು ಮತ್ತೆ ಕಲೆಯ ಮೇಲಕ್ಕೆ ಎಳೆದರು. "ಅವನೂ ಏನಾದ್ರೂ ಮಾಡಿರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ. ನಿನ್ನೆಯಿಂದ ಅದನ್ನೇ ಹೇಳ್ಕೋತಿದೀನಿ. ಒಳಗೆ ಇಳೀತಿಲ್ಲ."

ಬಾಗಿಲಲ್ಲಿ ವಾರಿಜಾ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಕೂಗಾಡುತ್ತಾರೆ ಎಂದುಕೊಂಡಳು ಮಧುಮತಿ. ವಾರಿಜಾ ಒಳಗೆ ಬಂದು ಅಣ್ಣನ ಕೈಯಿಂದ ಕನ್ನಡಕ ತೆಗೆದುಕೊಂಡು, ತಾವೇ ಅವರ ಕಿವಿಗೆ ಸಿಕ್ಕಿಸಿದರು.

"ದಿನಾ ಎದುರಿಗೆ ಕೂತು ತಿಂಡಿ ತಿಂತೀವಿ," ಎಂದರು. "ನಿನಗೆ ಕಾಣ್ತಿಲ್ಲ ಅನ್ನೋದು ನನಗೆ ಗೊತ್ತಾಗ್ಲಿಲ್ವಲ್ಲ ಅಣ್ಣ. ಅದು ಪೊರೆ ಅಷ್ಟೇ ಇರುತ್ತೆ. ತೆಗೆಸಿದ್ರೆ ಹೋಗುತ್ತೆ. ನಾಳೆ ಬೆಳಗ್ಗೆ ಹೋಗೋಣ. ಆಮೇಲೆ ಬಂದು ಇಲ್ಲೇ ಕೂತ್ಕೋ, ಬೇಡ ಅಂದೋರು ಯಾರು?" ದನಿ ಬದಲಿಸಿ ಮುಂದುವರಿಸಿದರು. "ಆದ್ರೆ ಭೀಮರಾಯನಿಗೆ ನೀನೇ ಹೇಳ್ಬೇಕು. ನಾನು ಹೇಳೋದು ಬೇರೆ ಇದೆ."

ಮೆಟ್ಟಿಲ ಹತ್ತಿರ ಭೀಮರಾಯ ಇಬ್ಬರ ಮಾತನ್ನೂ ಕೈಕಟ್ಟಿ ಕೇಳಿದ. ಸೇತುರಾಮರ ದನಿ ನಡುವೆ ಎರಡು ಸಲ ಒಡೆಯಿತು. ವಾರಿಜಾ "ತಪ್ಪಾಯ್ತು ಭೀಮರಾಯ, ಮಷೀನ್ ಶುರು ಮಾಡು," ಎಂದರು.

"ಮಾಡ್ತೀನ್ರಿ," ಎಂದ ಅವನು. ಆದರೆ ಏಳಲಿಲ್ಲ. "ಒಂದ ಮಾತು ಐತ್ರಿ. ನನ್ನ ಚೀಲ ಎಲ್ಲಾರ ಮುಂದ ಸುರುವಿದ್ರಿ. ತಪ್ಪಾತು ಅನ್ನೂದೂ ಎಲ್ಲಾರ ಮುಂದ ಅನ್ರಿ."

ವಾರಿಜಾರ ಮುಖಕ್ಕೆ ರಕ್ತ ಏರಿತು. ವಾರಿಜಾ ಒಂದು ಕ್ಷಣ ನೆಲ ನೋಡಿದರು. ಆಮೇಲೆ ಅಂಗಳದಲ್ಲಿ ಕಬ್ಬಿಣದ ಫ್ರೇಮು ಬೆಸೆಯುತ್ತಿದ್ದ ಇಬ್ಬರನ್ನೂ, ಒಳಗೆ ಕಂಪ್ಯೂಟರಿನ ಮುಂದಿದ್ದ ಡಿಸೈನರ್ ಸುರಭಿಯನ್ನೂ, ಟೀ ಕೊಡಲು ಬಂದಿದ್ದ ಲಕ್ಷ್ಮಮ್ಮನನ್ನೂ ಕರೆದು ನಿಲ್ಲಿಸಿ, ನಡೆದದ್ದನ್ನು ಹೇಳಿ, ಅದೇ ಮಾತನ್ನು ಇನ್ನೊಮ್ಮೆ ಆಡಿದರು. ದೂರಿನ ಕಾಗದವನ್ನು ಅವನ ಕೈಗೇ ಕೊಟ್ಟರು.

ಭೀಮರಾಯ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದ. "ಟ್ಯಾಂಕ್ ತೊಳದ ಬಿಡೂಣ ನಡ್ರಿ ಅಕ್ಕಾರ."

ಕೆಟ್ಟ ಇಂಕನ್ನೆಲ್ಲ ಬಸಿದು, ಕೊಳವೆಯೊಳಗೆ ಸಾಲ್ವೆಂಟ್ ಹಾಯಿಸಿ, ತಿಳಿಯಾಗಿ ಬರುವವರೆಗೂ ತೊಳೆದರು. ಹೊಸ ಫಿಲ್ಟರ್ ಕೂರಿಸಿದರು. ಭೀಮರಾಯ ಅದರ ಮೇಲೆ ತಾರೀಖು ಬರೆದ. ಲೋಟದಲ್ಲಿ ಪರೀಕ್ಷೆ ಮಾಡಿದ್ದ ಹೊಸ ಡಬ್ಬಿಯ ಇಂಕು ಟ್ಯಾಂಕಿಗಿಳಿಯಿತು. ಯಂತ್ರ ಮತ್ತೆ ಓಡತೊಡಗಿದಾಗ ಎರಡೂವರೆ.

ಸೆರಗು ಇಳಿಯಿತು. ನೆರಿಗೆ ಶುರುವಾಯಿತು. ಮೂರನೇ ಮೀಟರಿನ ಗುರುತು ಬಂತು, ದಾಟಿತು.

ಸೇತುರಾಮ ಎಲ್ಲರ ಹಿಂದೆ ನಿಂತಿದ್ದರು. "ಗೆರೆ ಬಂತಾ?" ಎಂದು ಮೆಲ್ಲಗೆ ಕೇಳಿದರು.

ಹೇಳಿದ್ದು ಭೀಮರಾಯನೇ. ತಿರುಗಿ ನೋಡದೆ, ಯಂತ್ರದ ಮೇಲೇ ಕಣ್ಣಿಟ್ಟು ಹೇಳಿದ. "ಇಲ್ರಿ ಯಜಮಾನ್ರ. ಒಂದೂ ಇಲ್ಲ. ಕೆಂಪು ಹಂಗ ಹೊಳ್ಯಾಕ್ಹತ್ತೇತಿ."

ನಾಲ್ಕನೇ ಮೀಟರ್. ಐದು. ಗಡಿಯಾರ ನಾಲ್ಕರ ಹತ್ತಿರ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಲಕ್ಷ್ಮಮ್ಮ ಎಲ್ಲರಿಗೂ ಇನ್ನೊಂದು ಸುತ್ತು ಟೀ ಕೊಟ್ಟರು. ಮಧುಮತಿ ವರದಿಯ ಹಾಳೆ ತೆಗೆದು ಬರೆದಳು: 'ಹೆಡ್ಡು ಸರಿಯಾಗಿದೆ. ಆಪರೇಟರ್ ಕೆಲಸ ಅಚ್ಚುಕಟ್ಟು.' ಕೊನೆಯ ಮೂರು ಪದಗಳನ್ನು ಬರೆಯಲು ವರದಿಯಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಬರೆದಳು. ಬಹಳ ದಿನದ ಮೇಲೆ ಎದೆ ಹಗುರಾಯಿತು.

ಆಗ ಅವಳ ಮೊಬೈಲ್ ರಿಂಗಾಯಿತು. ಗೊತ್ತಿಲ್ಲದ ನಂಬರು.

"ಮಧುಮತಿ ಅಂದ್ರೆ ನೀವೇನಾ?" ವಯಸ್ಸಾದ ಹೆಂಗಸಿನ ದನಿ. "ನಾನು ಮುನಿವೆಂಕಟಮ್ಮ ಅಂತ, ಹೊಸಕೆರೆಹಳ್ಳಿಯಿಂದ. ನಂದೂ ಒಂದು ಫ್ಲೆಕ್ಸ್ ಮಷೀನ್ ಐತೆ. ಕೆಂಪು ಹೊಡುದ್ರೆ ಮೂರು ಮೀಟರಿಗೆ ಗೆರೆ ಬೀಳ್ತೈತೆ ಕಣಮ್ಮ."

ಮಧುಮತಿ ಟೀ ಲೋಟ ಕೆಳಗಿಟ್ಟಳು. "ಬಿಡಿ ಇಂಕು ತಗೊಂಡಿದ್ರಾ?"

"ಇಲ್ಲ. ಡಬ್ಬಿಗೆ ಸೀಲಿತ್ತು. ನಾನೇ ಕೈಯಾರೆ ಕಿತ್ತಿದ್ದು."

"ನನ್ನ ನಂಬರ್ ಯಾರು ಕೊಟ್ರು ನಿಮಗೆ?"

"ಅದಕ್ಕೇ ಫೋನ್ ಮಾಡಿದ್ದು. ನಮ್ಮ ಆಪರೇಟರ್ ಸಿದ್ದಾರೂಢ ನೆನ್ನೆ ಬೆಳಗ್ಗೆಯಿಂದ ಕಾಣ್ತಿಲ್ಲ. ಫೋನು ಆಫ್. ಮಷೀನ್ ಮೇಲೆ ಒಂದು ಟೆಸ್ಟ್ ಪ್ರಿಂಟ್ ಬಿಟ್ಟು ಹೋಗವ್ನೆ. ಅದರ ಹಿಂದ್ಗಡೆ ನಿಮ್ಮ ಹೆಸರು, ಈ ನಂಬರು ಬರುದೈತೆ. ಕೆಳಗೆ ಇನ್ನೊಂದು ಮಾತು."

"ಏನಂತ?"

ಮುನಿವೆಂಕಟಮ್ಮ ಒಂದೊಂದೇ ಪದ ಬಿಡಿಸಿ ಓದಿದರು. "'ಸೀಲ್ ಇದ್ದರೂ ನಂಬಬೇಡಿ. ನನ್ನನ್ನು ಹುಡುಕಬೇಡಿ.'"

ಅರ್ಧ ಗಂಟೆಯಲ್ಲಿ ಬರುವುದಾಗಿ ಹೇಳಿ ಮಧುಮತಿ ಫೋನ್ ಇಟ್ಟಳು. ಆ ಹೆಸರಿನವನನ್ನು ಅವಳು ಕಂಡೇ ಇರಲಿಲ್ಲ. ಯಂತ್ರದ ಹತ್ತಿರ ಹೋಗಿ ಭೀಮರಾಯನ ಪಕ್ಕ ನಿಂತಳು.

"ಹೊಸಕೆರೆಹಳ್ಳ್ಯಾಗ ಸಿದ್ದಾರೂಢ ಅಂತ ಒಬ್ಬರು ಮಷೀನ್ ನಡಸ್ತಾರಂತ. ಗೊತ್ತೇನ್ರಿ?"

ಭೀಮರಾಯನ ಮುಖ ಅರಳಿತು. "ಗೊತ್ತಿಲ್ಲದ ಏನ್ರಿ. ಬಿಟಿಎಂನ್ಯಾಗ ಎರಡು ವರ್ಷ ಒಂದ ರೂಮಿನ್ಯಾಗ ಇದ್ವಿ. ಅಂವಗ ಮಷೀನ್ ಕಲಿಸಿದಾಂವನ ನಾನು. ಬಂಗಾರದಂಥ ಮನಶ್ಯಾ. ಯಾಕ್ರಿ?"

"ನಿನ್ನೆಯಿಂದ ಕಾಣವಲ್ರಂತ. ಒಂದು ಚೀಟಿ ಬರದಿಟ್ಟು ಹೋಗ್ಯಾರ."

"ಬರದಿಟ್ಟು?" ಭೀಮರಾಯ ನಿಧಾನವಾಗಿ ಅವಳತ್ತ ತಿರುಗಿದ. ಅರಳಿದ್ದ ಮುಖ ಹಾಗೆಯೇ ನಿಂತಿತು.

"ಹೌದು. ಯಾಕ?"

"ಅಂವಗ ಬರಿಯಾಕ ಬರೂದಿಲ್ರಿ ಅಕ್ಕಾರ," ಎಂದ. "ಊರಾಗ ಅವ್ವಗ ಒಂದು ಕಾಗದ ಹಾಕ್ಬೇಕಂದ್ರೂ ನಾನ ಬರದ ಕೊಡ್ತಿದ್ದೆ."